ಎರಡು ಏಟುಗಳ ನಡುವಿನ ಮೇರಿಯಕ್ಕ

ಮೇರಿಯಕ್ಕ ಏಟಿನ ಮೇಲೆ ಎಂದೂ ಹಾಡುತ್ತಿರಲಿಲ್ಲ. ಡ್ರಮ್ಮಿನ ಏಟು ಬೀಳುತ್ತಿತ್ತು, ಕೂದಲೆಳೆಯಷ್ಟು ತಡೆದು ಆ ದನಿ ಚಿಮ್ಮುತ್ತಿತ್ತು, ಕೇಳುತ್ತ ಕುಳಿತವರ ಎದೆ ಜಿಗಿಯುತ್ತಿತ್ತು.

ರಾಜಗೋಪಾಲನಗರದಲ್ಲಿ ನಮ್ಮ ಪಕ್ಕದ ಮನೆ ಅವರದು. ವಾರದ ಆರು ದಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಪವರ್ ಪ್ರೆಸ್ ಮುಂದೆ ನಿಂತು ತಗಡು ಒತ್ತುವ ಕೆಲಸ; ಭಾನುವಾರ ಮಧ್ಯಾಹ್ನ ವೈಟ್‌ಫೀಲ್ಡಿನ ಹೋಟೆಲಿನಲ್ಲಿ ಜಾಝ್. ಹಾಡು ಕಲಿತದ್ದು ಚರ್ಚಿನ ಗಿಟಾರ್ ಮಾಸ್ತರರು ಕೊಟ್ಟ ಕ್ಯಾಸೆಟ್ಟುಗಳಿಂದ. ಲಯ ಕಲಿಸಿದ್ದು ಮಾತ್ರ ಯಂತ್ರ. ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನಾನು ಒಮ್ಮೆ ಜಾಝ್ ಲಯದ ಬಗ್ಗೆ ಪುಸ್ತಕದ ಮಾತು ತೆಗೆದಾಗ ಊಟದ ತಟ್ಟೆ ಮಗುಚಿ ಬಡಿದು ತೋರಿಸಿದರು.

“ಪ್ರೆಸ್ ಬೀಳೋವಾಗ ಕೈ ಹಾಕಿದ್ರೆ ಬೆರಳು ಹೋಗುತ್ತೆ. ಬಿದ್ದು ಎದ್ದ ಮೇಲೆ ಹಾಕ್ಬೇಕು. ಆ ಸಂದಿ ಇದ್ಯಲ್ಲ, ಹಾಡು ಇರೋದು ಅಲ್ಲೇ ಕಣೇ.”

ಹತ್ತೂ ಬೆರಳು ಉಳಿದವು. ಕಿವಿ ಉಳಿಯಲಿಲ್ಲ.

ಆ ಕಾರ್ಖಾನೆಗೊಂದು ಪದ್ಧತಿಯಿತ್ತು. ತಪಾಸಣೆಯವರು ಬರುವ ದಿನ ಎಲ್ಲರ ಕಿವಿಗೂ ಯಂತ್ರದ ಸದ್ದು ತಡೆಯುವ ಹಳದಿ ಮುಚ್ಚಳ. ಅವರ ಕಾರು ಗೇಟು ದಾಟಿದೊಡನೆ ಸೂಪರ್‌ವೈಸರ್ ಅವನ್ನೆಲ್ಲ ಪೆಟ್ಟಿಗೆಗೆ ತುಂಬಿ ಬೀಗ ಹಾಕುತ್ತಿದ್ದ. ಇದನ್ನು ನಿರ್ಲಕ್ಷ್ಯ ಎನ್ನಬೇಡಿ. ಅಪಾಯ ತಿಳಿಯದವರು ಮುಚ್ಚಳಗಳನ್ನು ತಂದೇಕೆ ಇಡುತ್ತಿದ್ದರು?

ಎಡಗಿವಿ ಹೋಗಿದೆ, ಬಲಗಿವಿಯೂ ಹೋಗುತ್ತಿದೆ ಎಂದು ವೈದ್ಯರು ಹೇಳಿದ ವಾರವೇ ತಪಾಸಣೆ ಬಂತು. ಅಂದು ಮೇರಿಯಕ್ಕ ಮುಚ್ಚಳ ಹಿಂದಿರುಗಿಸಲಿಲ್ಲ. ಹಾಕಿಕೊಂಡೇ ಗೇಟಿನತ್ತ ನಡೆದರು. ಅದು ಕಂಪನಿಯದೆಂದು ಸೂಪರ್‌ವೈಸರ್ ಅಡ್ಡ ನಿಂತು ಕೂಗಿದನಂತೆ.

“ಕಿವಿ ನಂದು ಕಣಪ್ಪ,” ಎಂದು ಹೊರಬಂದವರು ಮತ್ತೆ ಒಳಗೆ ಕಾಲಿಡಲಿಲ್ಲ.

ನಾನೂ ಅವರೂ ಸೇರಿ ಕಾರ್ಮಿಕ ಇಲಾಖೆಗೆ ದೂರು ಕೊಟ್ಟೆವು. ಹೋಟೆಲಿನ ಸ್ಪೀಕರಿನಿಂದ ಕಿವಿ ಕೆಟ್ಟಿದೆ ಎಂದು ಕಾರ್ಖಾನೆಯ ಆಡಳಿತ ಬರೆದುಕೊಟ್ಟಿತು. ವಾರಕ್ಕೆರಡು ಗಂಟೆಯ ಹಾಡು ಅಪರಾಧಿ, ಇಪ್ಪತ್ತು ವರ್ಷ ಬಡಿದ ಪ್ರೆಸ್ ನಿರಪರಾಧಿ!

ಅವರ ಕೊನೆಯ ಭಾನುವಾರ ನಾನು ಮುಂದಿನ ಮೇಜಿನಲ್ಲಿದ್ದೆ. ಡಬಲ್ ಬೇಸ್ ವಾದ್ಯದ ಮರದ ಮೈಗೆ ಅಂಗೈ ಆನಿಸಿ, ಕಣ್ಣು ಮುಚ್ಚಿ ನಿಂತರು. ತಂತಿಯ ಅದುರು ಅಂಗೈಗೆ ತಾಕಿತು. ಕೂದಲೆಳೆಯಷ್ಟು ತಡೆದು ದನಿ ಚಿಮ್ಮಿತು, ಅದೇ ಸಂದಿಯಲ್ಲಿ, ಒಂದಿನಿತೂ ತಪ್ಪದೆ! ತಟ್ಟೆಗಳ ಮೇಲೆ ಚಮಚಗಳು ನಿಂತುಹೋದವು. ಡ್ರಮ್ ನುಡಿಸುತ್ತಿದ್ದವರು ಖುಷಿಗೆ ನಕ್ಕುಬಿಟ್ಟರು.

ಮೇರಿಯಕ್ಕ ವೇದಿಕೆ ಇಳಿದು ಬಂದು ನನ್ನ ಪಕ್ಕ ಕುಳಿತರು. “ಹೆಂಗಿತ್ತೇ? ನಂಗೆ ಕೇಳಿಸ್ಲಿಲ್ಲ.”

ಮಾತು ಅವರಿಗೆ ಮುಟ್ಟದೆಂದು ನನ್ನ ತೋಳು ಚಾಚಿದೆ. ನಿಮಿರಿದ್ದ ರೋಮಗಳ ಮೇಲೆ ಬೆರಳಾಡಿಸಿ ನಕ್ಕರು.

ಮರುದಿನ ಕೋಲಾರಕ್ಕೆ, ಮಗಳ ಮನೆಗೆ, ಹೊರಟುಹೋದರು. ಹೋಗುವ ಮುನ್ನ ಹಳದಿ ಮುಚ್ಚಳ ನನ್ನ ಕೈಗಿಟ್ಟಿದ್ದರು. ದೂರಿನ ವಿಚಾರಣೆಯ ಕರೆಗಾಗಿ ಅದರೊಂದಿಗೆ ಕಾಯುತ್ತಿದ್ದೇನೆ. ಕೊಡುವಾಗ ಅವರು ಹೇಳಿದ್ದು ಇಷ್ಟೇ:

“ಕಂಪನಿಯೋರು ಕೇಳಿದ್ರೆ ವಾಪಸ್ ಕೊಡ್ಬೇಡ. ತೋರ್ಸು.”