ದಾರ ಕಟ್ಟಿದ ಟೊಮೆಟೊ

ಹಟ ನನಗೆ ಹುಟ್ಟಿನಿಂದಲೇ ಬಂದದ್ದು. ಮಸ್ಕಿಯ ಬಿಸಿಲಿಗೆ ಇಟಲಿಯ ಟೊಮೆಟೊ ಬರುವುದಿಲ್ಲ ಎಂದು ಬೀಜದಂಗಡಿಯವರು ನಕ್ಕ ದಿನವೇ ನಾನು ಹಿತ್ತಲಿನ ಮೆಣಸಿನ ಮಡಿ ಅಗೆದು ಹಾಕಿದೆ. ಬೀಜ ಕೊಟ್ಟವಳು ನಾನು ಪಾಠ ಮಾಡುವ ಶಾಲೆಯಲ್ಲೇ ಇರುವ ಗೆಳತಿ. ಒಂದು ಚಿಟಿಕೆಯಷ್ಟೇ ಇತ್ತು, ಅವಳ ಹತ್ತಿರವೂ ಮತ್ತೆ ಇರಲಿಲ್ಲ. 'ಕೊಸ್ತೊಲೂತೊ' ಎಂಬ ಹಳೆಯ ನಾಟಿ ತಳಿ. ಕುಂಬಳಕಾಯಿಗಿರುವಂತೆ ಹಣ್ಣಿನ ಮೈತುಂಬ ಗೆರೆ. ಅಂಗಡಿಯ ಹೈಬ್ರಿಡ್ ಹಣ್ಣಿನ ಬೀಜ ಹಾಕಿದರೆ ಮರುವರ್ಷ ಏನು ಬರುತ್ತದೋ ದೇವರಿಗೇ ಗೊತ್ತು. ಇದು ಹಾಗಲ್ಲ, ಬೀಜ ಹಿಡಿದಿಟ್ಟರೆ ಅದೇ ಹಣ್ಣು ಬರುತ್ತದೆ ಎಂದಿದ್ದಳು. ನನಗೆ ಬೇಕಾಗಿದ್ದೂ ಅದೇ. ಒಂದು ಸಲ ತಿಂದು ಮುಗಿಸುವ ಹಣ್ಣಲ್ಲ, ವರ್ಷವರ್ಷವೂ ನನ್ನ ಹಿತ್ತಲಲ್ಲೇ ಹುಟ್ಟುವ ತಳಿ.

ನಮ್ಮ ಅತ್ತೆ ಬಳಗಾನೂರಿನವರು, ಕಾಲುವೆ ನೀರು ಕಂಡು ಬೆಳೆದವರು. ಅವರ ಪ್ರಕಾರ ಬೆಳೆ ಎಂದರೆ ಪಾದ ಮುಳುಗುವಷ್ಟು ನೀರು. ನಾನು ಶಾಲೆಗೆ ಹೊರಡುವುದೇ ತಡ, ನಲ್ಲಿಗೆ ಪೈಪು ಸಿಕ್ಕಿಸಿ ಮಡಿ ತುಂಬಿಸುತ್ತಿದ್ದರು. ನಮ್ಮದು ಎರೆಮಣ್ಣು, ಕುಡಿದ ನೀರು ಬಿಡುವುದಿಲ್ಲ. ಗಿಡಗಳು ಒಂದೊಂದಾಗಿ ತಲೆ ಜೋತುಹಾಕಿದವು.

"ಇದು ನೆಲ್ಲಲ್ಲರೀ ಅತ್ತಿ, ಟಮಾಟಿ! ನೀರು ಕುಡಿಸಿ ಕುಡಿಸಿ ಕೊಲ್ಲಾಕತ್ತೀರಿ," ಎಂದು ರೇಗಿದೆ.

"ಪರದೇಶದಾಗಿಂದ ಬಂದಾವು, ನೀರಡಿಸಿರ್ತಾವು ಅಂತ ಬಿಟ್ಟೀನಿ ಬೇ," ಎಂದರು. ಆ ಸಿಟ್ಟಿನಲ್ಲೂ ನನಗೆ ನಗು ಬಂತು.

ಉಳಿದದ್ದು ಬದುವಿನ ಮೇಲಿದ್ದ ಒಂದೇ ಗಿಡ. ಬುಡಕ್ಕೆ ಹುಲ್ಲು ಹೊದಿಸಿ, ಕೋಲು ಊರಿ, ಕೂಸಿನಂತೆ ಕಾದೆ. ಚಳಿ ಬಿದ್ದದ್ದೇ ಗೊಂಚಲು ಗೊಂಚಲು ಕಾಯಿ ಹಿಡಿಯಿತು. ಎಲ್ಲಕ್ಕಿಂತ ಚೆಂದದ ಎರಡು ಹಣ್ಣು ಆರಿಸಿ, ಬೀಜಕ್ಕೆಂದು ಗುರುತಿರಲಿ ಎಂದು ತೊಟ್ಟಿಗೆ ಕೆಂಪು ದಾರ ಕಟ್ಟಿದೆ. ಯಾಕೆ ಕಟ್ಟಿದೆನೆಂದು ಯಾರಿಗೂ ಹೇಳಲಿಲ್ಲ.

ಎಳ್ಳಮಾಸಿ ಹಬ್ಬದ ಹಿಂದಿನ ದಿನ ಶಾಲೆಯಿಂದ ಬಂದೆ. ಮರುದಿನ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಎಲ್ಲರೂ ಅಲ್ಲೇ ಕೂತು ಉಣ್ಣುವುದಿತ್ತು. ಬುತ್ತಿಗೆ ಚಟ್ನಿ ಬೇಕೇ ಬೇಕು. ಅಡುಗೆಮನೆಯಲ್ಲಿ ಅತ್ತೆ ಬುಟ್ಟಿ ತುಂಬ ಗೆರೆಗೆರೆಯ ಹಣ್ಣು ಇಟ್ಟುಕೊಂಡು ಹೆಚ್ಚುತ್ತಿದ್ದರು. ಚೀಲ ಬಿಸಾಡಿ ಹಿತ್ತಲಿಗೆ ಓಡಿದೆ. ಗಿಡ ಬೋಳು, ಹಸಿಕಾಯಿಯನ್ನೂ ಬಿಟ್ಟಿರಲಿಲ್ಲ. ಬಗ್ಗಿ ಎಲೆ ಸರಿಸಿದೆ. ದಾರ ಕಟ್ಟಿದ ಎರಡೂ ಹಣ್ಣು ಇದ್ದ ಹಾಗೇ ಇದ್ದವು.

ಹಿಂದೆಯೇ ಅತ್ತೆ ಬಂದರು. "ಅವನ್ನ ಮುಟ್ಟಿಲ್ಲವ್ವ. ಹರಕಿ ಕಟ್ಟಿದ್ದನ್ನ ಹೆಂಗ ಹರೀಲಿ? ಬಾಜೂಮನಿ ಹುಡುಗರಿಗೂ ಬೈದೀನಿ." ಆಮೇಲೆ ದನಿ ತಗ್ಗಿಸಿದರು. "ಏನ ಬೇಡಿಕೊಂಡಿ?"

ಬನ್ನಿ ಗಿಡಕ್ಕೂ ದರ್ಗಾದ ಜಾಲರಿಗೂ ಹರಕೆಯ ದಾರ ಕಟ್ಟುವ ಊರಿನಲ್ಲಿ ಟೊಮೆಟೊಗೆ ಕಟ್ಟಿದರೆ ಇನ್ನೇನು ಅಂದುಕೊಂಡಾರು! ನಿಜ ಹೇಳುವ ಮನಸ್ಸಾಗಲಿಲ್ಲ, ಹೇಳಿದ್ದೂ ಸುಳ್ಳಲ್ಲ.

"ಬರೋ ವರ್ಷನೂ ಇದ ಹಣ್ಣು ನಮ್ಮನ್ಯಾಗ ಹುಟ್ಟಲಿ ಅಂತರೀ."

"ಹಂಗಿದ್ರ ಬೀಜ ನನ್ನ ಕೈಯಾಗ ಕೊಡು," ಎಂದರು ಅತ್ತೆ. ಹಣ್ಣು ಕಳಿಯುವವರೆಗೆ ಕಾದು, ಬೀಜ ಹಿಂಡಿ, ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಒಣಗಿಸಿ ಗಡಿಗೆಯಲ್ಲಿ ಎತ್ತಿಟ್ಟರು. ತವರಿನಲ್ಲಿ ಸೌತೆ ಬೀಜ ಹಿಡಿಯುತ್ತಿದ್ದದ್ದು ಹಾಗೆಯೇ ಅಂತೆ.

ಈ ವರ್ಷ ಮಳೆ ನಿಂತ ಮೇಲೆ ಹಾಕಿದೆವು. ಮಡಿಯನ್ನು ಎತ್ತರ ಮಾಡಿದೆ, ಅತ್ತೆ ತಾವಾಗಿಯೇ ಪೈಪು ಬಿಟ್ಟು ತಂಬಿಗೆ ಹಿಡಿದರು. ಸಸಿ ಎದ್ದವು, ಹೂವೂ ಬಂತು. ನನಗೆ ಮಾತ್ರ ಸಮಾಧಾನವಿಲ್ಲ. ಹಣ್ಣು ದುಂಡಗೆ ನುಣ್ಣಗೆ ಬಂದುಬಿಟ್ಟರೆ ತಳಿ ಕೈತಪ್ಪಿದಂತೆ. ಆಮೇಲೆ ಎಲ್ಲಿ ಹುಡುಕಲಿ? ಕಾಯಿ ಗೋಲಿಯಷ್ಟಾದಾಗ ಅದರ ಮೈಮೇಲೆ ಗೆರೆ ಕಂಡು ಅರ್ಧ ಜೀವ ಬಂತು.

ಕೆಂಪಾದ ಮೊದಲ ಹಣ್ಣನ್ನು ಹಿತ್ತಲಲ್ಲೇ ಹೆಚ್ಚಿ, ಉಪ್ಪು ಉದುರಿಸಿ ಅತ್ತೆಗೆ ಕೊಟ್ಟೆ. ಕಣ್ಣು ಮುಚ್ಚಿಕೊಂಡು ತಿಂದರು. ನಾನು ಅವರ ಬಾಯನ್ನೇ ನೋಡುತ್ತ ನಿಂತಿದ್ದೆ.

"ಅದ ರುಚಿ," ಎಂದರು. "ಹೋದ ವರ್ಷದ್ದ ಹಣ್ಣು ಇದು!"

ನಾನು ಹಾಕಿದ ಕೇಕೆಗೆ ಪಕ್ಕದ ಮನೆಯಾಕೆ ಗಾಬರಿಯಾಗಿ ಕಂಪೌಂಡಿನ ಮೇಲಿಂದ ಇಣುಕಿದರು. "ಏನಾತ್ರೀ?"

ನಾನು ಬಾಯಿ ತೆರೆಯುವುದರೊಳಗೆ, ಗದ್ದಕ್ಕೆ ಇಳಿದ ರಸ ಒರೆಸಿಕೊಳ್ಳುತ್ತ, ಅತ್ತೆಯೇ ಹೇಳಿದರು.

"ನಾವು ಗೆದ್ದೀವ್ರೀ!"