ದಾರಿಯಲ್ಲಿ ಬದಲಾದ ಪತ್ರ

ಆ ದೊಡ್ಡ ಆಸ್ಪತ್ರೆಯಲ್ಲಿ ಅವಳ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತು. ಮಿಕ್ಕವರಿಗೆಲ್ಲ ಅವಳು ಜರಡಿ ಅಕ್ಕ. ಹೊರಗಿನಿಂದ ಬರುವ ಪ್ರತಿಯೊಂದು ಇಮೇಲ್ ನೆಲಮಾಳಿಗೆಯಲ್ಲಿ ಅವಳು ನೋಡಿಕೊಳ್ಳುವ ಯಂತ್ರವನ್ನು ಹಾದೇ ವಾರ್ಡುಗಳಿಗೆ ಹೋಗಬೇಕು. ವೈರಸ್ ಇದ್ದರೆ ಅಲ್ಲೇ ಉದುರುತ್ತದೆ, ಭಾರದ ಚಿತ್ರಗಳು ಹಗುರಾಗುತ್ತವೆ, ರೋಗಿಗಳ ಗುಟ್ಟು ಮುಚ್ಚಿಕೊಳ್ಳುತ್ತದೆ. ಕಳಿಸಿದವರಿಗೂ ಪಡೆದವರಿಗೂ ನಡುವೆ ಇಂಥದೊಂದು ಕೈ ಆಡುತ್ತದೆಂದು ಯಾರಿಗೂ ಹೊಳೆಯುವುದಿಲ್ಲ.

ಅವಳಿಗೆ ಮಾತ್ರ ಇನ್ನೊಬ್ಬರ ಪತ್ರ ಬದಲಿಸುವುದು ಸಂಕೋಚದ ವಿಷಯ. ಅವಳಪ್ಪ ದರ್ಜಿ. ಯಾರ ಅಂಗಿಯನ್ನು ಬಿಗಿ ಮಾಡಿಕೊಟ್ಟರೂ ಹೆಚ್ಚಿನ ಬಟ್ಟೆಯನ್ನು ಕತ್ತರಿಸದೆ ಒಳಗೆ ಮಡಿಸಿ ಹೊಲಿಯುತ್ತಿದ್ದ, ಬೇಕಾದಾಗ ಬಿಚ್ಚಿಕೊಳ್ಳಲಿ ಎಂದು. ಮಗಳೂ ಹಾಗೆಯೇ. ಯಂತ್ರ ಮುಟ್ಟಿದ ಪ್ರತಿ ಪತ್ರದ ಮೂಲವನ್ನು ಒಂದು ವಾರ ಎತ್ತಿಡುತ್ತಾಳೆ. ಪತ್ರದ ಕೊನೆಗೆ ಒಂದು ಸಾಲು ಸೇರಿಸುತ್ತಾಳೆ: ‘ಇದು ದಾರಿಯಲ್ಲಿ ಬದಲಾಗಿದೆ. ಮೂಲ ಬೇಕಿದ್ದರೆ ೨೧೪ಕ್ಕೆ ಫೋನ್ ಮಾಡಿ.’

ಅವಳ ವಿಭಾಗದ ಸಾಹೇಬರಿಗೆ ಆ ಸಾಲು ಕಿರಿಕಿರಿ. “ಏನ್ರೀ, ಪತ್ರಕ್ಕೊಂದು ಬಾಲ! ಇಷ್ಟು ವರ್ಷದಲ್ಲಿ ಯಾರಾದ್ರೂ ಫೋನ್ ಮಾಡಿದಾರಾ?”

“ಇಲ್ಲ ಸಾರ್.”

“ಮತ್ತೆ?”

“ಇರ್ಲಿ ಬಿಡಿ ಸಾರ್.”

ಮೊನ್ನೆ ಮಂಗಳವಾರ ಬೆಳಿಗ್ಗೆ ಅವಳೊಂದು ಹೊಸ ನಿಯಮ ಬರೆದಳು: ಹದಿನಾಲ್ಕು ಅಂಕಿಗಳ ಸಂಖ್ಯೆ ಕಂಡರೆ ಅದು ರೋಗಿಯ ಗುರುತಿನ ಸಂಖ್ಯೆ, ನಕ್ಷತ್ರ ಚಿಹ್ನೆಗಳಿಂದ ಮುಚ್ಚು. ಹನ್ನೊಂದೂವರೆಗೆ ಫೋನ್ ಬಡಿದುಕೊಂಡಿತು. ಮೂರನೆಯ ಮಹಡಿಯ ಆಪರೇಷನ್ ಕೋಣೆಯ ಸಿಸ್ಟರ್.

“ಅಕ್ಕಾ, ಇದೇನಿದು ನಕ್ಷತ್ರ? ರಕ್ತದ ಪೆಟ್ಟಿಗೆ ಬಂದಿದೆ, ಒಳಗೆ ಆರು ಚೀಲ. ನಮ್ಮ ಬಾಣಂತಿಗೆ ಹೊಂದೋದು ಎರಡೇ. ಯಾವೆರಡು ಅಂತ ರಕ್ತಕೇಂದ್ರದವರು ಬರೆದಿದಾರೆ, ನಂಬರ್ ಇರೋ ಕಡೆಯೆಲ್ಲ ನಕ್ಷತ್ರ! ಅವರ ಫೋನ್ ಎಂಗೇಜು. ಕೊನೇಲಿ ನಿಮ್ಮ ನಂಬರ್ ಕಾಣಿಸ್ತು.”

ರಕ್ತದ ಚೀಲಕ್ಕೂ ಹದಿನಾಲ್ಕೇ ಅಂಕಿ. ನಿಯಮ ಬರೆಯುವಾಗ ಅದು ಅವಳ ತಲೆಗೆ ಹೋಗಿರಲೇ ಇಲ್ಲ.

“ಎಷ್ಟು ಹೊತ್ತಿದೆ ಸಿಸ್ಟರ್?”

“ಹೊತ್ತೆಲ್ಲಿದೆ ಅಕ್ಕಾ, ರಕ್ತ ಹೋಗ್ತಾನೇ ಇದೆ.”

ಮೂಲ ಪತ್ರ ಸಿಕ್ಕಿತು. ತಕ್ಷಣ ಕಳಿಸಿದಳು.

“ಬಂತಾ?”

“ಬಂತು. ಇದ್ರಲ್ಲೂ ನಕ್ಷತ್ರಾನೇ!”

ಗಾಬರಿಯಲ್ಲಿ ಅದನ್ನು ಮತ್ತೆ ತನ್ನದೇ ಜರಡಿಗೆ ಸುರಿದಿದ್ದಳು. “ಅಯ್ಯೋ ನನ್ನ ಬುದ್ಧಿಗಿಷ್ಟು! ಓದಿ ಹೇಳ್ಲಾ?”

“ಬಾಯಿಮಾತಿನ ನಂಬರಿಗೆ ರಕ್ತ ಏರಿಸೋ ಹಾಗಿಲ್ಲ. ಕಾಗದ ಬೇಕು.”

ಪ್ರಿಂಟರ್ ಒಂದು ಹಾಳೆ ಉಗುಳುವಷ್ಟರಲ್ಲಿ ಅವಳಿಗೆ ಯುಗ ಕಳೆಯಿತು. ಲಿಫ್ಟ್ ಎಲ್ಲೋ ಮೇಲೆ ನಿಂತಿತ್ತು. ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿ ಓಡಿದಳು. ಸಿಸ್ಟರ್ ಬಾಗಿಲಲ್ಲೇ ಹಾಳೆ ಕಿತ್ತುಕೊಂಡಳು. ಸಿಸ್ಟರೇ ಅದರಿಂದ ಒಂದೊಂದೇ ಅಂಕಿ ಓದುತ್ತ ಹೋದಳು, ಅರಿವಳಿಕೆಯ ಡಾಕ್ಟರು ಚೀಲದ ಮೇಲೆ ಬೆರಳಿಟ್ಟು ಹೂಂಗುಟ್ಟುತ್ತ ಬಂದರು. ಮೂರನೆಯ ಚೀಲ. ಆಮೇಲೆ ಐದನೆಯದು. ಬಾಗಿಲು ಮುಚ್ಚಿತು.

ಕೆಳಗಿಳಿದು ಮೊದಲು ಆ ನಿಯಮವನ್ನು ತೆಗೆದುಹಾಕಿದಳು. ಬೆಳಗಿನಿಂದ ನಕ್ಷತ್ರ ಹೊತ್ತುಹೋದ ಇನ್ನೂ ಹನ್ನೊಂದು ಪತ್ರಗಳ ಮೂಲವನ್ನು ಹುಡುಕಿ ಕಳಿಸಿದಳು. ತಪ್ಪು ತನ್ನದೆಂದು ಸಾಹೇಬರಿಗೆ ಬರೆದಳು.

ಎರಡು ಗಂಟೆಗೆ ಫೋನ್ ಬಂತು. “ಅಕ್ಕಾ, ರಕ್ತ ನಿಂತಿದೆ. ಬಾಣಂತಿ ಕಣ್ಣು ಬಿಟ್ಟಿದಾಳೆ. ನೀರು ಕೊಡಿ ಅಂತ ಒಂದೇ ಸಮ ಜಗಳ.”

“ಕೊಟ್ರಾ?”

“ಈಗ್ಲೇ ಕೊಡೋ ಹಾಗಿಲ್ಲ. ಬೈಸ್ಕೋತಾ ನಿಂತಿದೀನಿ, ಕೇಳಿಸ್ಕೊಳ್ಳಿ.”

ಸಿಸ್ಟರ್ ಫೋನನ್ನು ಹಾಸಿಗೆಯತ್ತ ಚಾಚಿದಳು. ದೂರದಿಂದ ಒಂದು ಸೋತ, ಸಿಡಿಮಿಡಿ ದನಿ ಕೇಳಿಬಂತು. ಜರಡಿ ಅಕ್ಕ ಅದರ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಳು.