ಅರಿಶಿನದ ಮೇಲೆ ಮಸಿ

ಮೊನ್ನೆ ಕರೆಂಟು ಹೋದಾಗ ಮೊಮ್ಮಗಳು ಅಟ್ಟದ ಮೇಲಿದ್ದ ಹಳೇ ಸೀಮೆಎಣ್ಣೆ ದೀಪ ಇಳಿಸಿ ಹಚ್ಚಿದಳು. ಬತ್ತಿ ಹೆಚ್ಚಾಗಿ ಗಾಜೆಲ್ಲ ಮಸಿ ಹಿಡಿಯಿತು. ಆ ವಾಸನೆಗೆ ಹಳೇ ಸಿಟ್ಟೆಲ್ಲ ನೆನಪಾಯಿತು... ಐವತ್ತರ ದಶಕದ ರಾಜಾಜಿನಗರ, ನಮ್ಮ ಬಾಡಿಗೆ ಮನೆ, ಅದರ ಮಾಲೀಕ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಅವನ ವಿಷಯದಲ್ಲಿ ಅದು ನನ್ನಿಂದಾಗದು.

ಮುಂಭಾಗದಲ್ಲಿ ಅವನು, ಹಿಂದಿನ ಎರಡು ಕೋಣೆಗಳಲ್ಲಿ ನಾವು, ನಡುವಿನ ಕೋಣೆಯಲ್ಲಿ ಅವನೇ ಮಾಡಿಕೊಂಡಿದ್ದ ಭೂಕಂಪದ ಯಂತ್ರ. ಸೀಮೆಎಣ್ಣೆ ಹೊಗೆಗೆ ಹಿಡಿದು ಕಪ್ಪಾಗಿಸಿದ ಹಾಳೆಯನ್ನು ಉರುಳೆಗೆ ಸುತ್ತುತ್ತಿದ್ದ. ಉರುಳೆ ತಿರುಗಿದಂತೆ ಸೂಜಿಯೊಂದು ಮಸಿ ಕೆರೆದು ಬಿಳಿ ಗೆರೆ ಎಳೆಯುತ್ತಿತ್ತು. ಸಮುದ್ರದಾಚೆ ಎಲ್ಲೋ ಭೂಮಿ ನಡುಗಿದರೂ ಇಲ್ಲಿ ಗೆರೆ ಅಲುಗುತ್ತದೆ ಎನ್ನುತ್ತಿದ್ದ. ಅಲುಗಿದ ದಿನ ಅವನ ಮುಖ ನೋಡಬೇಕು, ಮಗ ಹುಟ್ಟಿದ ಹಾಗೆ! ಅಲ್ಲಿ ಸತ್ತವರ ಮಾತು ಒಮ್ಮೆಯೂ ಅವನ ಬಾಯಲ್ಲಿ ಬರಲಿಲ್ಲ.

ಆ ಸೂಜಿಯ ದೆಸೆಯಿಂದ ನಾವು ಮನೆಯಲ್ಲಿ ಒನಕೆ ಮುಟ್ಟುವಂತಿರಲಿಲ್ಲ. ಸಾರಿನ ಪುಡಿಗೂ ಅಮ್ಮ ಮೆಣಸಿನಕಾಯಿ ಹೊತ್ತು ಎದುರು ಮನೆಗೆ ಹೋಗಬೇಕಿತ್ತು. “ಹೋಗ್ಲಿ ಬಿಡೇ, ಬೇರೆ ಮನೆ ಎಲ್ಲಿ ಹುಡುಕೋದು” ಎನ್ನುತ್ತಿದ್ದರು ಅಪ್ಪ.

ಅಷ್ಟರಲ್ಲಿ ಅಕ್ಕನ ಮದುವೆ ಗೊತ್ತಾಯಿತು. ಅರಿಶಿನ ಕುಟ್ಟುವ ಶಾಸ್ತ್ರವನ್ನು ಕಂಡವರ ಮನೆಯಲ್ಲಿ ಮಾಡಲಾಗುತ್ತದೆಯೇ? ಅಮ್ಮ ಕೈ ಮುಗಿದು ಕೇಳಿದಳು. “ಛತ್ರದಲ್ಲಿ ಕುಟ್ಕೊಳ್ಳಿ” ಎಂದುಬಿಟ್ಟ.

ಶಾಸ್ತ್ರದ ದಿನ ಅವನು ಪೇಟೆಗೆ ಹೊರಟದ್ದೇ ತಡ, ಅಮ್ಮ ಒರಳು ತೊಳೆದು ಒನಕೆಗೆ ಅರಿಶಿನದ ಕೊಂಬು, ಮಾವಿನೆಲೆ ಕಟ್ಟಿದಳು. ಬೀದಿಯ ಮುತ್ತೈದೆಯರೆಲ್ಲ ಬಂದರು. ಒಳಗೆ ತುಂಬಿಟ್ಟುಕೊಂಡಿದ್ದ ಸಿಟ್ಟನ್ನೆಲ್ಲ ಅಮ್ಮ ಒನಕೆಗೆ ಹಾಕಿದಳು. ಉಳಿದವರ ಹಾಡು ಮುಗಿದರೂ ಅವಳು ನಿಲ್ಲಿಸಲಿಲ್ಲ.

ಮಧ್ಯಾಹ್ನ ಬಂದವನು ಯಂತ್ರ ನೋಡಿ, ಹಾಳೆಯ ಅಂಚು ಹಿಡಿದು ಬೀದಿಗೆ ಓಡಿದ. “ಎಲ್ಲೋ ಭಾರಿ ಭೂಕಂಪ ಆಗಿದೆ ಕಣ್ರೀ! ಇಂಥಾ ಗೆರೆ ನಾನು ನೋಡೇ ಇಲ್ಲ!”

ಎದುರು ಮನೆಯಾಕೆ ತನ್ನ ಹಳದಿ ಅಂಗೈ ಎತ್ತಿ ತೋರಿಸಿದಳು. “ಭೂಕಂಪ ಅಲ್ಲ ಸ್ವಾಮಿ, ನಾವು ಅರಿಶಿನ ಕುಟ್ಟಿದ್ದು.”

ಇಡೀ ಬೀದಿ ನಕ್ಕಿತು. ಅವನು ನೆಟ್ಟಗೆ ನಮ್ಮ ಹಿತ್ತಿಲಿಗೆ ನುಗ್ಗಿ, “ತಗೋಳಮ್ಮ, ನಿನ್ನ ಭೂಕಂಪ!” ಎಂದು ಹಾಳೆಯನ್ನು ಚೂರುಚೂರು ಮಾಡಿ ಮೊರದೊಳಗೆ ಎಸೆದ. ಮದುವೆಯ ಅರಿಶಿನದ ಮೇಲೆಲ್ಲ ಮಸಿ... ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಅಳಲಿಲ್ಲ.

“ಮದುವೆ ಮುಗಿದ ಮೇಲೆ ಮನೆ ಬಿಡ್ತೀವಿ. ಈಗ ಒಳಗೆ ಹೋಗಿ ಕೂತ್ಕೊಳ್ಳಿ” ಎಂದಳು. ಹೊಸ ಕೊಂಬು ತರಿಸಿ, ಅವನ ಕಿವಿಗೆ ಬೀಳುವಂತೆ ಮತ್ತೆ ಕುಟ್ಟಿದಳು.

ಅಕ್ಕ ಚೆನ್ನಾಗಿಯೇ ಬಾಳಿದಳು. ಅಮ್ಮ ಹೋಗಿ ಬಹಳ ವರ್ಷಗಳಾದವು. ದೀಪದ ಗಾಜು ಒರೆಸುತ್ತಾ ಮೊಮ್ಮಗಳು, “ನಿಮ್ಮಮ್ಮ ಹೇಗಿದ್ರು ಅಜ್ಜಿ?” ಎಂದು ಕೇಳಿದಳು. ತೋರಿಸಲು ಒಂದು ಫೋಟೋ ಕೂಡ ಇಲ್ಲ, ಯಾರೂ ತೆಗೆಸಲೇ ಇಲ್ಲ. ಅವಳ ತೋಳಿನ ಒಂದೊಂದು ಏಟೂ ಬಿಳಿ ಗೆರೆಯಾಗಿ ಮೂಡಿದ್ದ ಹಾಳೆ ಒಂದಿತ್ತು. ಆ ಪಾಪಿ ಅದನ್ನೂ ಹರಿದುಹಾಕಿದ.